ಎತ್ತಿಗೆ ಜ್ವರ, ಎಮ್ಮೆಗೆ ಬರೆ: ‘ಹಾಸ್ಟೆಲ್’ ಸಿನಿಮಾ ಮತ್ತು ಸ್ಲೊವಾಕಿಯಾ

2006ರ ಜನವರಿ 6ರಂದು ಅಮೆರಿಕದ ಥಿಯೇಟರ್‌ಗಳಲ್ಲಿ ‘ಹಾಸ್ಟೆಲ್’ ಬಿಡುಗಡೆಯಾಯಿತು. ಯುರೋಪ್ ಸುತ್ತಲು ಹೊರಟ ಮೂವರು ಹುಡುಗರು ಸ್ಲೊವಾಕಿಯಾದ ಒಂದು ಊರಿಗೆ ಹೋಗುತ್ತಾರೆ. ದುಡ್ಡು ಕೊಟ್ಟು ಮನುಷ್ಯರನ್ನು ಹಿಂಸಿಸಿ ಕೊಲ್ಲುವ ಶ್ರೀಮಂತರ ಕೈಗೆ ಅಲ್ಲಿ ಸಿಕ್ಕಿಬೀಳುತ್ತಾರೆ. ಸುಮಾರು 48 ಲಕ್ಷ ಡಾಲರ್ ಖರ್ಚಿನಲ್ಲಿ ತಯಾರಾದ ಸಿನಿಮಾ ಇದು. ಮೊದಲ ವಾರಾಂತ್ಯದಲ್ಲೇ ಅಮೆರಿಕದ ಗಲ್ಲಾಪೆಟ್ಟಿಗೆಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಜಗತ್ತಿನಾದ್ಯಂತ ಒಟ್ಟು 8 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಅತ್ತ ಎರಡು ತಿಂಗಳು ತುಂಬುವಷ್ಟರಲ್ಲಿ ಸ್ಲೊವಾಕಿಯಾದ ಸಂಸದರು ಮತ್ತು ಸಂಸ್ಕೃತಿ ಸಚಿವಾಲಯದ ಅಧಿಕಾರಿಗಳು ತಮ್ಮ ದೇಶದ ಹೆಸರು ಕೆಟ್ಟಿತು ಎಂದು ಬಹಿರಂಗವಾಗಿ ಹೇಳುತ್ತಿದ್ದರು.

ಈ ಜಗಳವನ್ನು ಒಂದು ಪ್ರಕರಣವಾಗಿ ತೆಗೆದುಕೊಂಡು ನೋಡುವುದು ನನ್ನ ಉದ್ದೇಶ. ಇದನ್ನು ಸಾಮಾನ್ಯವಾಗಿ ಎರಡು ರೀತಿ ಹೇಳುತ್ತಾರೆ. ‘ಸಿನಿಮಾ ಅಂದರೆ ಸಿನಿಮಾ, ಅಷ್ಟಕ್ಕೆ ಒಂದು ದೇಶ ಬೇಸರ ಮಾಡಿಕೊಳ್ಳಬೇಕಾ’ ಅನ್ನುವುದು ಒಂದು. ‘ಹಾಲಿವುಡ್ ಯಾವಾಗಲೂ ಹೀಗೇ’ ಅನ್ನುವುದು ಇನ್ನೊಂದು. ಎರಡೂ ನನಗೆ ಸಾಲುವುದಿಲ್ಲ. ಯಾಕೆಂದರೆ ‘ಹಾಸ್ಟೆಲ್’ ಕೈಗೆ ಬಂದಂತೆ ತೆಗೆದ ಸಿನಿಮಾ ಅಲ್ಲ. ಅದಕ್ಕೆ ಹೇಳಲು ಒಂದು ವಿಷಯವಿದೆ. ಆ ವಿಷಯ ಅಮೆರಿಕದ ಬಗ್ಗೆ, ಶ್ರೀಮಂತ ದೇಶಗಳ ದುಡ್ಡಿನ ಬಗ್ಗೆ. ಆದರೆ ಪೆಟ್ಟು ತಿಂದದ್ದು ಸ್ಲೊವಾಕಿಯಾ. ಅದು ಹೇಗಾಯಿತು ಎನ್ನುವುದೇ ಇಲ್ಲಿನ ಪ್ರಶ್ನೆ. ಮುಂದೆ ಕಥೆಯನ್ನು ಕೊನೆಯವರೆಗೂ ಹೇಳಿದ್ದೇನೆ. ಸಿನಿಮಾ ನೋಡಬೇಕೆಂದಿರುವವರು ಗಮನಿಸಿ.

ಕಥೆ

ಪ್ಯಾಕ್ಸ್‌ಟನ್ ಮತ್ತು ಜಾಶ್ ಅಮೆರಿಕದ ಕಾಲೇಜು ಹುಡುಗರು. ಓಲಿ ಐಸ್‌ಲ್ಯಾಂಡ್‌ನವನು, ದಾರಿಯಲ್ಲಿ ಜೊತೆಯಾದವನು. ಸಿನಿಮಾ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುವಾಗುತ್ತದೆ. ಗಾಂಜಾ, ಕುಡಿತ, ವೇಶ್ಯಾಗೃಹ. ಇವರಿಗೆ ಬೇಕಾದ ಯುರೋಪ್ ಇಷ್ಟೇ. ಅಲ್ಲಿ ಅಲೆಕ್ಸ್ ಎಂಬ ಹುಡುಗ ಸಿಗುತ್ತಾನೆ. ಬ್ರಾಟಿಸ್ಲಾವಾ ಹತ್ತಿರ ಒಂದು ಹಾಸ್ಟೆಲ್ ಇದೆ, ಅಲ್ಲಿನ ಹುಡುಗಿಯರು ವಿದೇಶಿಯರನ್ನು ಕಂಡರೆ ಬಿಡುವುದಿಲ್ಲ, ಯುದ್ಧದಿಂದಾಗಿ ಗಂಡಸರೇ ಕಮ್ಮಿ ಎಂದು ಆಸೆ ಹುಟ್ಟಿಸುತ್ತಾನೆ. ಮೂವರೂ ರೈಲು ಹತ್ತುತ್ತಾರೆ.

ಹಾಸ್ಟೆಲ್‌ನಲ್ಲಿ ನತಾಲ್ಯಾ, ಸ್ವೆಟ್ಲಾನಾ ಎಂಬ ಇಬ್ಬರು ಹುಡುಗಿಯರು ಇವರ ಜೊತೆ ಸೇರುತ್ತಾರೆ. ಮೊದಲು ಓಲಿ ಕಾಣೆಯಾಗುತ್ತಾನೆ. ಆಮೇಲೆ ಜಾಶ್. ಹಳೆಯ ಕಾರ್ಖಾನೆಯೊಂದರ ಕೋಣೆಯಲ್ಲಿ ಜಾಶ್ ಕಣ್ಣು ಬಿಟ್ಟಾಗ ಎದುರಿಗೆ ನಿಂತವನು ಒಬ್ಬ ಡಚ್ ವ್ಯಾಪಾರಿ. ರೈಲಿನಲ್ಲಿ ಇವರ ಜೊತೆ ಕೂತು ಮಾತಾಡಿದವನೇ ಅವನು. ಅವನಿಗೆ ಸರ್ಜನ್ ಆಗುವ ಆಸೆ ಇತ್ತು, ಕೈ ನಡುಗುತ್ತಿದ್ದರಿಂದ ಆಗಲಿಲ್ಲ. ಆ ಆಸೆಯನ್ನು ದುಡ್ಡು ಕೊಟ್ಟು ಇಲ್ಲಿ ತೀರಿಸಿಕೊಳ್ಳುತ್ತಿದ್ದಾನೆ. ಜಾಶ್‌ನ ಎರಡೂ ಹಿಮ್ಮಡಿಯ ನರ ಕತ್ತರಿಸಿ, ಬಾಗಿಲು ತೆರೆದು, ‘ಹೋಗು’ ಎನ್ನುತ್ತಾನೆ. ಈ ಸಿನಿಮಾ ನೋಡಿದ ಯಾರನ್ನು ಕೇಳಿದರೂ ಮೊದಲು ಹೇಳುವುದು ಈ ದೃಶ್ಯವನ್ನೇ.

ಪ್ಯಾಕ್ಸ್‌ಟನ್ ಗೆಳೆಯರನ್ನು ಹುಡುಕುತ್ತಾನೆ. ಪೊಲೀಸರಿಂದ ಉಪಯೋಗವಿಲ್ಲ, ಅವರೂ ಈ ದಂಧೆಯ ಜೊತೆಗಿದ್ದಾರೆ. ಅವನನ್ನೂ ಹಿಡಿದು ಅದೇ ಕಾರ್ಖಾನೆಯಲ್ಲಿ ಕುರ್ಚಿಗೆ ಕಟ್ಟುತ್ತಾರೆ. ಎದುರಿಗೆ ನಿಂತವನು ಜರ್ಮನ್. ಪ್ಯಾಕ್ಸ್‌ಟನ್‌ಗೆ ಜರ್ಮನ್ ಬರುತ್ತದೆ. ಅವನ ಭಾಷೆಯಲ್ಲೇ ಗೋಗರೆಯುತ್ತಾನೆ, ಕೊಲ್ಲಲು ಬಂದವನು ಅದನ್ನು ಕೇಳಲಾರದೆ ತಬ್ಬಿಬ್ಬಾಗಿ ಅವನ ಬಾಯಿ ಮುಚ್ಚಿಸುತ್ತಾನೆ. ಮುಂದೆ ಚೈನ್‌ಸಾ (ಯಂತ್ರದ ಗರಗಸ) ಹಿಡಿದವನೇ ಜಾರಿ ಬಿದ್ದು ತನ್ನ ಕಾಲು ಕತ್ತರಿಸಿಕೊಳ್ಳುತ್ತಾನೆ, ಪ್ಯಾಕ್ಸ್‌ಟನ್ ಅವನನ್ನು ಗುಂಡಿಕ್ಕಿ ಕೊಲ್ಲುತ್ತಾನೆ. ಎರಡು ಬೆರಳು ಕಳೆದುಕೊಂಡ ಪ್ಯಾಕ್ಸ್‌ಟನ್ ಗಿರಾಕಿಯ ಬಟ್ಟೆ ಹಾಕಿಕೊಂಡು ಹೊರಗೆ ಬರುತ್ತಾನೆ. ಕಾನಾ ಎಂಬ ಜಪಾನಿ ಹುಡುಗಿಯ ಕೂಗು ಕೇಳಿ ವಾಪಸ್ ಹೋಗಿ ಅವಳನ್ನು ಬಿಡಿಸುತ್ತಾನೆ. ದಾರಿಯಲ್ಲಿ ನತಾಲ್ಯಾ, ಅಲೆಕ್ಸ್ ಎದುರಾದಾಗ ಕಾರು ಹರಿಸುತ್ತಾನೆ. ರೈಲು ನಿಲ್ದಾಣದಲ್ಲಿ ಕಾನಾ ತನ್ನ ಸುಟ್ಟ ಮುಖವನ್ನು ಕಂಡು ರೈಲಿಗೆ ಹಾರುತ್ತಾಳೆ. ಆ ಗದ್ದಲದಲ್ಲಿ ಪ್ಯಾಕ್ಸ್‌ಟನ್ ಇನ್ನೊಂದು ರೈಲು ಹತ್ತಿ ಪಾರಾಗುತ್ತಾನೆ. ಅದೇ ರೈಲಿನಲ್ಲಿ ಡಚ್ ವ್ಯಾಪಾರಿಯ ದನಿ ಕೇಳುತ್ತದೆ. ವಿಯೆನ್ನಾದ ನಿಲ್ದಾಣದ ಶೌಚಾಲಯದಲ್ಲಿ ಅವನನ್ನು ಕೊಂದು ಪ್ಯಾಕ್ಸ್‌ಟನ್ ಹೊರಟುಹೋಗುತ್ತಾನೆ.

ಸಿನಿಮಾ ಯಾರ ಮೇಲೆ ಬೆರಳು ತೋರಿಸುತ್ತದೆ

ಗಮನ ಕೊಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. ಇಲ್ಲಿ ದುಡ್ಡು ಕೊಟ್ಟು ಕೊಲ್ಲುವ ಮುಖ್ಯ ಗಿರಾಕಿಗಳಲ್ಲಿ ಯಾರೂ ಸ್ಲೊವಾಕಿಯಾದವರಲ್ಲ. ಒಬ್ಬ ಡಚ್, ಒಬ್ಬ ಜರ್ಮನ್, ಒಬ್ಬ ಅಮೆರಿಕನ್. ಜಪಾನಿ ಗಿರಾಕಿಯ ಚಿಕ್ಕ ಪಾತ್ರದಲ್ಲಿ ನಿರ್ದೇಶಕ ತಾಕಾಶಿ ಮೀಕೆ ಬಂದು ಹೋಗುತ್ತಾರೆ. ‘ಒಳಗೆ ಹೋದರೆ ದುಡ್ಡೆಲ್ಲ ಖಾಲಿಯಾಗುತ್ತದೆ, ಹುಷಾರು’ ಎಂಬ ಅರ್ಥದ ಒಂದು ಮಾತು ಆಡುತ್ತಾರೆ. ಸ್ಥಳೀಯರು ದಲ್ಲಾಳಿಗಳು, ಕಾವಲುಗಾರರು, ಹೆಣ ಸುಡುವವರು. ಅಂದರೆ ಬಡ ದೇಶ ಜಾಗ ಕೊಡುತ್ತದೆ, ಶ್ರೀಮಂತ ದೇಶ ದುಡ್ಡು ಕೊಡುತ್ತದೆ. ಗಿರಾಕಿಯ ಜೇಬಿನ ಕಾರ್ಡಿನಲ್ಲಿ ದರಪಟ್ಟಿಯೂ ಇದೆ. ರಷ್ಯನ್ ಬೇಕಾದರೆ 5 ಸಾವಿರ ಡಾಲರ್, ಯುರೋಪಿಯನ್ ಬೇಕಾದರೆ 10 ಸಾವಿರ, ಅಮೆರಿಕನ್ ಬೇಕಾದರೆ 25 ಸಾವಿರ. ಪಾಸ್‌ಪೋರ್ಟ್ ನೋಡಿ ಜೀವಕ್ಕೆ ಬೆಲೆ ಕಟ್ಟುವ ಈ ಯೋಚನೆ ಇಡೀ ಸಿನಿಮಾದಲ್ಲಿ ಅತ್ಯಂತ ಹರಿತವಾದದ್ದು ಎಂದು ನನ್ನ ಅಭಿಪ್ರಾಯ. ಅಲ್ಲಿ ಒಂದು ತೊಟ್ಟು ರಕ್ತವೂ ಇಲ್ಲ.

ಅಮೆರಿಕನ್ ಗಿರಾಕಿಯ ದೃಶ್ಯವೂ ಹಾಗೇ. ಪ್ಯಾಕ್ಸ್‌ಟನ್ ತಪ್ಪಿಸಿಕೊಳ್ಳುವಾಗ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನು ಸಿಗುತ್ತಾನೆ. ಇವನೂ ಗಿರಾಕಿಯೇ ಎಂದುಕೊಂಡು ಹೇಗಿತ್ತು, ಏನು ಮಾಡಿದೆ ಎಂದು ಉತ್ಸಾಹದಿಂದ ಕೇಳುತ್ತಾನೆ. ಜಗತ್ತಿನಾದ್ಯಂತ ಹೆಣ್ಣುಗಳ ಜೊತೆ ಮಲಗಿ ಬೇಸರವಾಗಿದೆ, ಇದಾದರೂ ನೆನಪಲ್ಲಿ ಉಳಿಯುತ್ತದಾ ಎಂಬುದು ಅವನ ಕುತೂಹಲ. ರಿಕ್ ಹಾಫ್‌ಮನ್ ಈ ಪಾತ್ರವನ್ನು ಮೈ ನಡುಗುವ ಹಾಗೆ ಮಾಡಿದ್ದಾರೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪ್ಯಾಕ್ಸ್‌ಟನ್ ಆಡಿದ ಮಾತುಗಳಿಗೂ ಇವನ ಮಾತುಗಳಿಗೂ ದೂರ ಕಡಿಮೆ. ಹೆಸರು, ವಯಸ್ಸು, ಜೇಬಿನ ದುಡ್ಡು ಮಾತ್ರ ಬೇರೆ.

ನಿರ್ದೇಶಕ ಈಲೈ ರಾಥ್ ಇದನ್ನು ಬೇಕೆಂದೇ ಕಟ್ಟಿದ್ದಾರೆ. ವೇಶ್ಯಾಗೃಹದಲ್ಲಿ ಉದ್ದದ ಓಣಿ, ಎರಡೂ ಕಡೆ ಬಾಗಿಲು, ಬಾಗಿಲ ಹಿಂದೆ ಶಬ್ದ. ಕಾರ್ಖಾನೆಯಲ್ಲೂ ಉದ್ದದ ಓಣಿ, ಎರಡೂ ಕಡೆ ಬಾಗಿಲು, ಬಾಗಿಲ ಹಿಂದೆ ಶಬ್ದ. ಮೊದಲನೆಯದರಲ್ಲಿ ಹುಡುಗರು ದುಡ್ಡು ಕೊಟ್ಟು ಒಂದು ದೇಹವನ್ನು ತಮ್ಮಿಷ್ಟಕ್ಕೆ ಪಡೆಯುತ್ತಾರೆ. ಎರಡನೆಯದರಲ್ಲಿ ಅವರ ದೇಹವನ್ನೇ ಬೇರೆ ಯಾರೋ ಪಡೆಯುತ್ತಾರೆ. ಈ ಜೋಡಣೆ ಕಣ್ಣಿಗೆ ಬಿದ್ದ ಮೇಲೆ ‘ಸುಮ್ನೆ ರಕ್ತ ಚೆಲ್ಲುವ ಸಿನಿಮಾ’ ಎಂದು ತಳ್ಳಿಹಾಕಲು ಆಗುವುದಿಲ್ಲ.

ಕಾಲವನ್ನೂ ನೆನಪಿಡಬೇಕು. ಇರಾಕ್ ಯುದ್ಧ ನಡೆಯುತ್ತಿತ್ತು. ಅಬು ಘ್ರೈಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ಕೈದಿಗಳನ್ನು ಹಿಂಸಿಸಿದ ಚಿತ್ರಗಳು 2004ರ ಏಪ್ರಿಲ್‌ನಲ್ಲಿ ಹೊರಬಂದಿದ್ದವು. ಕಟ್ಟಿಹಾಕಿದ ದೇಹ, ಮುಚ್ಚಿದ ಮುಖ, ಪಕ್ಕದಲ್ಲಿ ನಗುವ ಮನುಷ್ಯ. ಆ ಚಿತ್ರಗಳನ್ನು ನೋಡಿದ ಪ್ರೇಕ್ಷಕರೇ ‘ಹಾಸ್ಟೆಲ್’ ನೋಡಲು ಹೋದದ್ದು. 2006ರಲ್ಲಿ ವಿಮರ್ಶಕ ಡೇವಿಡ್ ಎಡೆಲ್‌ಸ್ಟೀನ್ ‘ನ್ಯೂಯಾರ್ಕ್’ ಪತ್ರಿಕೆಯಲ್ಲಿ ಇಂಥ ಸಿನಿಮಾಗಳಿಗೆ ‘ಟಾರ್ಚರ್ ಪೋರ್ನ್’ (ಹಿಂಸೆಯನ್ನೇ ರಂಜನೆಯಾಗಿ ತೋರಿಸುವುದು) ಎಂಬ ಹೆಸರು ಕೊಟ್ಟರು, ಅದು ಎಲ್ಲ ಕಡೆ ಹಬ್ಬಿತು. ಆ ಹೆಸರಿನಲ್ಲಿ ಸತ್ಯವಿದೆ. ಆದರೆ ಹೆಸರು ಬಂದ ಮೇಲೆ ಈ ಸಿನಿಮಾದ ಒಳಗೆ ಏನಿದೆ ಎಂದು ನೋಡುವವರು ಕಮ್ಮಿಯಾದರು.

ಹಾಗಾದರೆ ಸ್ಲೊವಾಕಿಯಾ ಎಲ್ಲಿ ಬಂತು

ಸಿನಿಮಾದಲ್ಲಿ ಸ್ಲೊವಾಕಿಯಾ ಇಲ್ಲವೇ ಇಲ್ಲ. ಚಿತ್ರೀಕರಣ ನಡೆದದ್ದು ಪಕ್ಕದ ಚೆಕ್ ಗಣರಾಜ್ಯದಲ್ಲಿ. ಕಣ್ಣು ತಣಿಸುವ ಆ ಹಳೆಯ ಊರು ಚೆಸ್ಕಿ ಕ್ರುಮ್ಲೊವ್. ವಲ್ಟಾವಾ ನದಿಯ ತಿರುವಿನಲ್ಲಿರುವ ಈ ಊರು 1992ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಪ್ರಾಗ್‌ಗೆ ಬಂದ ಪ್ರವಾಸಿಗರು ಸಾಲುಸಾಲಾಗಿ ಹೋಗುವ ಜಾಗ. ಕತ್ತಲೆಯ ಒಳಾಂಗಣಗಳನ್ನೂ ಚೆಕ್ ನೆಲದಲ್ಲೇ ತೆಗೆದರು. ಆ ಕಾಲಕ್ಕೆ ಪ್ರಾಗ್ ಹಾಲಿವುಡ್‌ಗೆ ಅಗ್ಗದ, ಅನುಕೂಲದ ಜಾಗವಾಗಿತ್ತು. ಬರಾಂಡೊವ್ ಸ್ಟುಡಿಯೊ ಇತ್ತು, ನುರಿತ ತಂತ್ರಜ್ಞರಿದ್ದರು. ಸಿನಿಮಾದಲ್ಲಿ ‘ಸ್ಥಳೀಯರು’ ಬಹಳ ಕಡೆ ಆಡುವುದೂ ಚೆಕ್ ಭಾಷೆಯೇ. ನತಾಲ್ಯಾ ಪಾತ್ರ ಮಾಡಿದ ಬಾರ್ಬರಾ ನೆಡೆಲ್ಯಾಕೊವಾ ಸ್ಲೊವಾಕಿಯಾದ ಬಾನ್ಸ್ಕಾ ಬಿಸ್ಟ್ರಿಟ್ಸಾದಲ್ಲಿ ಹುಟ್ಟಿದವರು. ಆ ದೇಶದಿಂದ ಸಿನಿಮಾಕ್ಕೆ ಬಂದದ್ದು ಅವರಂಥ ಒಂದಿಬ್ಬರು ನಟರು ಮತ್ತು ಒಂದು ಹೆಸರು, ಹೆಚ್ಚುಕಮ್ಮಿ ಅಷ್ಟೇ.

ನಿಜವಾದ ಸ್ಲೊವಾಕಿಯಾ ಆಗ ಹೇಗಿತ್ತು? ಸುಮಾರು 54 ಲಕ್ಷ ಜನರ ದೇಶ. 1993ರ ಜನವರಿ 1ರಂದು ಚೆಕೊಸ್ಲೊವಾಕಿಯಾ ಎರಡಾದಾಗ ಹುಟ್ಟಿದ್ದು. ಆ ಬೇರ್ಪಡೆಯಲ್ಲಿ ಯುದ್ಧ ನಡೆಯಲಿಲ್ಲ, ಮಾತುಕತೆಯಲ್ಲೇ ಎಲ್ಲ ಮುಗಿಯಿತು. ಯುದ್ಧ ನಡೆದದ್ದು ಯುಗೊಸ್ಲಾವಿಯಾದಲ್ಲಿ, ಅದು ಬೇರೆಯೇ ಪ್ರದೇಶ. ಸ್ಲೊವಾಕಿಯಾ 2004ರ ಮಾರ್ಚ್‌ನಲ್ಲಿ ನೇಟೊ ಸೇರಿತು, ಮೇ 1ರಂದು ಯುರೋಪಿಯನ್ ಒಕ್ಕೂಟ ಸೇರಿತು. ಆಗಿನ್ನೂ ಅಲ್ಲಿ ಕೊರುನಾ ನಾಣ್ಯ ಚಲಾವಣೆಯಲ್ಲಿತ್ತು, ಯೂರೊ ಬಂದದ್ದು 2009ರಲ್ಲಿ. ರಾಜಧಾನಿ ಬ್ರಾಟಿಸ್ಲಾವಾದಿಂದ ವಿಯೆನ್ನಾಗೆ ರೈಲಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಸಿನಿಮಾ ಬಿಡುಗಡೆಯಾಗುವ ಒಂದು ವರ್ಷದೊಳಗೆ, 2005ರ ಫೆಬ್ರವರಿಯಲ್ಲಿ, ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಮತ್ತು ರಷ್ಯಾದ ಅಧ್ಯಕ್ಷ ಪುಟಿನ್ ಭೇಟಿಯಾದದ್ದು ಇದೇ ಬ್ರಾಟಿಸ್ಲಾವಾದಲ್ಲಿ.

ಹೀಗಿದ್ದರೂ ಅಮೆರಿಕದ ಸಾಮಾನ್ಯ ಪ್ರೇಕ್ಷಕನ ತಲೆಯಲ್ಲಿ ಸ್ಲೊವಾಕಿಯಾ ಅಂದರೆ ಯಾವ ಚಿತ್ರವೂ ಇರಲಿಲ್ಲ. ಸ್ಲೊವೇನಿಯಾ ಬೇರೆ, ಸ್ಲೊವಾಕಿಯಾ ಬೇರೆ ಎಂದು ತಿಳಿಯದವರೇ ಜಾಸ್ತಿ. 1999ರಲ್ಲಿ, ಅಧ್ಯಕ್ಷರಾಗುವ ಮುಂಚೆ, ಬುಷ್ ಅವರೇ ಒಬ್ಬ ಸ್ಲೊವಾಕ್ ಪತ್ರಕರ್ತನ ಎದುರು ಈ ಎರಡನ್ನು ಅದಲುಬದಲು ಮಾಡಿ ಮಾತಾಡಿದ್ದರು. ಭಯದ ಕಥೆ ಬರೆಯುವವನಿಗೆ ಇಂಥ ಜಾಗ ಬಹಳ ಅನುಕೂಲ. ಪ್ಯಾರಿಸ್‌ನಲ್ಲಿ ಮನುಷ್ಯರನ್ನು ಮಾರುವ ಕಾರ್ಖಾನೆ ಇದೆ ಎಂದರೆ ಪ್ರೇಕ್ಷಕ ಒಪ್ಪಲು ತಡಮಾಡುತ್ತಾನೆ. ಪ್ಯಾರಿಸ್ ಬಗ್ಗೆ ಅವನಿಗೆ ಬೇರೆ ನೂರು ಚಿತ್ರಗಳು ಗೊತ್ತು. ಏನೂ ಗೊತ್ತಿಲ್ಲದ ಜಾಗದ ಬಗ್ಗೆ ಏನು ಹೇಳಿದರೂ ನಡೆಯುತ್ತದೆ.

ರಾಥ್ ಅವರ ವಾದ

ದೂರುಗಳಿಗೆ ರಾಥ್ ಕೊಟ್ಟ ಉತ್ತರದ ಸಾರ ಇದು. ಅಮೆರಿಕನ್ನರಿಗೆ ಈ ದೇಶ ಇದೆ ಎನ್ನುವುದೇ ಗೊತ್ತಿಲ್ಲ. ನನ್ನ ಸಿನಿಮಾ ಭೂಗೋಳದ ಪಾಠವಲ್ಲ. ಹೊರಜಗತ್ತಿನ ಬಗ್ಗೆ ಅಮೆರಿಕನ್ನರಿಗಿರುವ ಅಜ್ಞಾನವನ್ನೇ ಅದು ತೋರಿಸುತ್ತದೆ. ಅವರು ಪ್ರಾಮಾಣಿಕವಾಗಿಯೇ ಹೀಗೆ ಹೇಳಿದ್ದಾರೆ ಎಂದು ನಂಬುತ್ತೇನೆ. ಹುಡುಗರ ಪಾತ್ರಗಳನ್ನು ನೋಡಿದರೆ ಉದ್ದೇಶ ಗೊತ್ತಾಗುತ್ತದೆ. ಅವರು ಒರಟರು, ಸೊಕ್ಕಿನವರು, ಕಾಲಿಟ್ಟ ದೇಶದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದವರು. ಯುದ್ಧದ ಸುಳ್ಳನ್ನು ಹಾಗೇ ನುಂಗುತ್ತಾರೆ. ಯಾವ ಯುದ್ಧ ಎಂದು ಕೇಳುವುದಿಲ್ಲ.

ಆದರೆ ಈ ವಾದ ಸಿನಿಮಾದ ಒಳಗೆ ನಿಲ್ಲುವುದಿಲ್ಲ. ಪ್ರಕರಣದ ಗಂಟು ಇಲ್ಲಿದೆ. ಒಬ್ಬನ ಅಜ್ಞಾನವನ್ನು ತೋರಿಸಬೇಕಾದರೆ ಅವನು ತಿಳಿದದ್ದು ತಪ್ಪು ಎಂದು ಎಲ್ಲಾದರೂ ಒಂದು ಕಡೆ ಕಾಣಬೇಕು, ಅಲ್ವಾ? ‘ಹಾಸ್ಟೆಲ್’ನಲ್ಲಿ ಅದು ಆಗುವುದೇ ಇಲ್ಲ. ಯುದ್ಧದ ಮಾತನ್ನು ಯಾರೂ ತಿದ್ದುವುದಿಲ್ಲ. ಪೂರ್ವ ಯುರೋಪ್ ಅಂದರೆ ಅಪಾಯ, ಪೊಲೀಸರು ಭ್ರಷ್ಟರು, ಹುಡುಗಿಯರು ಮೋಸಗಾರರು, ಬೀದಿ ಮಕ್ಕಳು ಸಿಹಿಗಾಗಿ ಕಲ್ಲಿನಲ್ಲಿ ತಲೆ ಒಡೆಯುವವರು. ಏನೂ ತಿಳಿಯದ ಒಬ್ಬ ಅಮೆರಿಕನ್ ಊಹಿಸಬಹುದಾದ ಪ್ರತಿಯೊಂದು ಕೆಟ್ಟ ಊಹೆಯೂ ಇಲ್ಲಿ ನಿಜವಾಗುತ್ತದೆ. ಹುಡುಗರಿಗೆ ಶಿಕ್ಷೆ ಸಿಗುವುದು ತಪ್ಪು ತಿಳಿದಿದ್ದಕ್ಕಲ್ಲ, ಸಾಕಷ್ಟು ಹೆದರದೇ ಇದ್ದದ್ದಕ್ಕೆ. ಪ್ರೇಕ್ಷಕ ಥಿಯೇಟರ್‌ನಿಂದ ಹೊರಗೆ ಬರುವಾಗ ‘ನನಗೆ ಆ ದೇಶದ ಬಗ್ಗೆ ಏನೂ ಗೊತ್ತಿಲ್ಲ’ ಎಂದುಕೊಂಡು ಬರುವುದಿಲ್ಲ. ‘ಅಂಥ ಕಡೆ ಹೋಗಬಾರದಪ್ಪ’ ಎಂದುಕೊಂಡು ಬರುತ್ತಾನೆ.

ಒಂದೇ ಒಂದು ಕಡೆ ಬೇರೆ ದಾರಿ ಕಾಣುತ್ತದೆ. ಪ್ಯಾಕ್ಸ್‌ಟನ್ ಬದುಕಿ ಉಳಿಯಲು ಅವನಿಗೆ ಬರುವ ಜರ್ಮನ್ ಭಾಷೆಯೂ ಒಂದು ಕಾರಣ. ಬೇರೆ ನಾಡಿನ ಮಾತು ಕಲಿತದ್ದು ಪ್ರಾಣ ಉಳಿಸಿತು ಎನ್ನುವ ಯೋಚನೆ ಅಲ್ಲಿದೆ. ಆ ಮಾತುಗಳಿಗೆ ಪರದೆಯ ಮೇಲೆ ಅನುವಾದವನ್ನೂ ಕೊಟ್ಟಿಲ್ಲ. ಭಾಷೆ ಬರದ ಪ್ರೇಕ್ಷಕ ಹೊರಗೇ ಉಳಿಯುತ್ತಾನೆ. ಒಳ್ಳೆಯ ಆಯ್ಕೆ ಅದು. ಆದರೆ ಆ ಭಾಷೆ ಕೂಡ ಕೊಲ್ಲಲು ಬಂದ ಗಿರಾಕಿಯದು, ಆ ನೆಲದ್ದಲ್ಲ. ಸ್ಲೊವಾಕಿಯಾದ ಒಬ್ಬ ಸಾಮಾನ್ಯ ಮನುಷ್ಯ, ಬಸ್ ಓಡಿಸುವವನೋ ಅಂಗಡಿಯವಳೋ, ಈ ಸಿನಿಮಾದಲ್ಲಿ ಒಂದು ನಿಮಿಷ ಮನುಷ್ಯನಾಗಿ ಕಾಣಿಸಿದ್ದರೆ ರಾಥ್ ಅವರ ವಾದಕ್ಕೆ ಆಧಾರ ಸಿಗುತ್ತಿತ್ತು.

ರಕ್ತ ಮಾಡುವ ಕೆಲಸ

ಇದಕ್ಕೆ ರಕ್ತದ ದೃಶ್ಯಗಳೂ ಕಾರಣ. 94 ನಿಮಿಷದ ಸಿನಿಮಾದಲ್ಲಿ ಮೊದಲ ಅರ್ಧದಲ್ಲಿ ಹೆಚ್ಚುಕಮ್ಮಿ ರಕ್ತವೇ ಇಲ್ಲ. ಪಾರ್ಟಿ, ಹುಡುಗಿಯರು, ತಮಾಷೆ. ಅದು ಕಾಲೇಜು ಹುಡುಗರ ಹಾಸ್ಯ ಸಿನಿಮಾದ ಹಾಗೆಯೇ ಸಾಗುತ್ತದೆ. ಆಮೇಲೆ ಒಮ್ಮೆಲೇ ಡ್ರಿಲ್, ಕತ್ತರಿ, ಚೈನ್‌ಸಾ. ರಕ್ತದ ಮೇಕಪ್ ಮಾಡಿದ್ದು ಕೆಎನ್‌ಬಿ ತಂಡ. ಗ್ರೆಗ್ ನಿಕೊಟೆರೊ ಮತ್ತು ಹೋವರ್ಡ್ ಬರ್ಗರ್ ಅವರ ಈ ತಂಡಕ್ಕೆ ಈ ಕೆಲಸದಲ್ಲಿ ದೊಡ್ಡ ಹೆಸರಿದೆ. ಕಂಪ್ಯೂಟರ್ ಚಿತ್ರಕ್ಕಿಂತ ಕೈಯಲ್ಲಿ ಮಾಡಿದ ಗಾಯ ಕಣ್ಣಿಗೆ ಬೇರೆಯೇ ಥರ ನಾಟುತ್ತದೆ. ಚರ್ಮಕ್ಕೆ ತೂಕ ಇರುತ್ತದೆ. ಹಿಮ್ಮಡಿಯ ದೃಶ್ಯದಲ್ಲಿ ಜಾಶ್ ಎದ್ದು ನಿಲ್ಲಲು ನೋಡಿದಾಗ ಗಾಯ ಬಾಯಿ ಬಿಡುತ್ತದೆ. ನೋಡುವವನ ಕಾಲು ತಾನಾಗಿ ಮುದುಡಿಕೊಳ್ಳುತ್ತದೆ.

ಹೀಗೆ ಮೈಗೇ ನಾಟಿದ ನೆನಪು ಮಾತಿನ ಅರ್ಥಕ್ಕಿಂತ ಬಹಳ ದಿನ ಉಳಿಯುತ್ತದೆ. ದರಪಟ್ಟಿಯ ಕಾರ್ಡು ಕೆಲವೇ ಕ್ಷಣ ಕಾಣುತ್ತದೆ. ಎರಡು ಓಣಿಗಳ ಹೋಲಿಕೆಯನ್ನು ಹುಡುಕಿ ನೋಡಬೇಕು. ಕತ್ತರಿಸಿದ ಹಿಮ್ಮಡಿಯನ್ನು ಹುಡುಕಬೇಕಾಗಿಲ್ಲ. ಆ ನೋವು ಎಲ್ಲಿ ನಡೆಯಿತು ಎಂದು ಮನಸ್ಸು ಒಂದು ಹೆಸರು ಅಂಟಿಸಿಕೊಳ್ಳುತ್ತದೆ. ಕೊಂದವನು ಡಚ್ ಎಂದು ನೆನಪಿಟ್ಟುಕೊಂಡು ನೆದರ್‌ಲ್ಯಾಂಡ್ಸ್‌ಗೆ ಹೆದರಿದವರನ್ನು ನಾನು ಕಂಡಿಲ್ಲ. ಜರ್ಮನಿಗೂ ಯಾರೂ ಹೆದರಲಿಲ್ಲ. ಜಾಗದ ಹೆಸರು ಮಾತ್ರ ಉಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಗಿರಾಕಿ ದೇಶಗಳ ಪಾಪದ ಗುರುತು ಸ್ಲೊವಾಕಿಯಾದ ಮೈಮೇಲೆ ಬಿತ್ತು.

ನಿಜ ಜಗತ್ತಿನ ಒಂದು ಪ್ರಕರಣವನ್ನು ಇಲ್ಲಿ ಪಕ್ಕಕ್ಕಿಟ್ಟು ನೋಡಬೇಕು. ಬೆನ್ನಿಗೆ ಚೀಲ ಹಾಕಿ ದೇಶ ಸುತ್ತುವ ಯುವಕರ ಸರಣಿ ಕೊಲೆ ನಡೆದದ್ದುಂಟು. ಆಸ್ಟ್ರೇಲಿಯಾದ ಬೆಲಾಂಗ್ಲೊ ಕಾಡಿನಲ್ಲಿ 1992 ಮತ್ತು 1993ರಲ್ಲಿ ಏಳು ಜನರ ಶವಗಳು ಸಿಕ್ಕವು. ಅವರಲ್ಲಿ ಮೂವರು ಜರ್ಮನ್ನರು, ಇಬ್ಬರು ಬ್ರಿಟಿಷರು, ಇಬ್ಬರು ಆಸ್ಟ್ರೇಲಿಯನ್ನರು. ಐವಾನ್ ಮಿಲಾಟ್ ಎಂಬವನಿಗೆ 1996ರಲ್ಲಿ ಶಿಕ್ಷೆಯಾಯಿತು. ಆಸ್ಟ್ರೇಲಿಯಾ ಶ್ರೀಮಂತ ದೇಶ, ಇಂಗ್ಲಿಷ್ ಮಾತಾಡುವ ದೇಶ, ಎಲ್ಲರಿಗೂ ಗೊತ್ತಿರುವ ದೇಶ. ಆದ್ದರಿಂದ ಜನ ಮಿಲಾಟ್‌ಗೆ ಹೆದರಿದರು, ಆಸ್ಟ್ರೇಲಿಯಾಕ್ಕೆ ಹೆದರಲಿಲ್ಲ. ಅಪರಾಧಿಯನ್ನೂ ದೇಶವನ್ನೂ ಬೇರೆ ಮಾಡಿ ನೋಡಲು ಅವರಿಗೆ ಬೇಕಾದಷ್ಟು ಬೇರೆ ವಿಷಯ ತಿಳಿದಿತ್ತು. ಸ್ಲೊವಾಕಿಯಾಕ್ಕೆ ಆ ರಕ್ಷಣೆ ಇರಲಿಲ್ಲ. ಅಲ್ಲಿ ಅಂಥ ಅಪರಾಧವೇ ನಡೆದಿರಲಿಲ್ಲ, ಆದರೂ.

ವಿದೇಶಕ್ಕೆ ಹೋದ ಯುವಕರ ಜೀವಕ್ಕೆ ನಿಜವಾಗಿ ಕುತ್ತು ತರುವುದರಲ್ಲಿ ರಸ್ತೆ ಅಪಘಾತ ಮುಂದಿದೆ. ನೀರಿನಲ್ಲಿ ಮುಳುಗುವುದೂ ದೊಡ್ಡ ಕಾರಣ. ಬಾಡಿಗೆ ಸ್ಕೂಟರ್, ಕುಡಿದು ಈಜುವುದು. ಇದನ್ನು ಸಿನಿಮಾ ಮಾಡಲು ಆಗುವುದಿಲ್ಲ, ಆದರೆ ಮಗನನ್ನೋ ಮಗಳನ್ನೋ ಪ್ರವಾಸಕ್ಕೆ ಕಳಿಸುವ ಅಪ್ಪ ಅಮ್ಮಂದಿರು ಹೆದರಬೇಕಾದ್ದು ಇದಕ್ಕೆ.

ಸ್ಲೊವಾಕಿಯಾ ಏನು ಮಾಡಿತು

ಸಂಸದ ತೊಮಾಶ್ ಗಾಲ್ಬಾವಿ ತಮಗೆ ಅವಮಾನವಾಗಿದೆ, ಎಲ್ಲ ಸ್ಲೊವಾಕರಿಗೂ ಹಾಗೇ ಅನ್ನಿಸಬೇಕು ಎಂದರು. ಇದಕ್ಕೂ ವಾಸ್ತವಕ್ಕೂ ಯಾವ ಸಂಬಂಧವೂ ಇಲ್ಲ ಎಂದು ಸಂಸ್ಕೃತಿ ಸಚಿವಾಲಯದ ಕಡೆಯಿಂದ ಹೇಳಿಕೆ ಬಂತು. ಸರಕಾರದ ಪ್ರವಾಸೋದ್ಯಮ ಸಂಸ್ಥೆ ಇನ್ನೊಂದು ದಾರಿ ಹಿಡಿಯಿತು. ಎಲ್ಲ ಖರ್ಚು ನಮ್ಮದು, ಬಂದು ನಮ್ಮ ದೇಶ ನೋಡಿ ಎಂದು ರಾಥ್ ಅವರನ್ನು ಕರೆಯಿತು.

ಈ ಆಹ್ವಾನ ನನಗೆ ಬಹಳ ಇಷ್ಟವಾದ ನಡೆ. ನಿಷೇಧಿಸಿ ಎಂದು ಕೂಗಿದ್ದರೆ ಸಿನಿಮಾಕ್ಕೆ ಇನ್ನಷ್ಟು ಪ್ರಚಾರ ಸಿಗುತ್ತಿತ್ತು. ಕೋರ್ಟಿಗೆ ಹೋಗಿದ್ದರೆ ಕಥೆಯಲ್ಲಿನ ದೇಶಕ್ಕೆ ಮಾನಹಾನಿಯಾಯಿತೆಂದು ಸಾಧಿಸಲು ಆಗುತ್ತಿರಲಿಲ್ಲ. ಸುಮ್ಮನಿದ್ದಿದ್ದರೆ ಮೌನವೇ ಒಪ್ಪಿಗೆಯಂತೆ ಕಾಣುತ್ತಿತ್ತು. ‘ನೀವು ನೋಡದೇ ಬರೆದಿದ್ದೀರಿ, ಬಂದು ನೋಡಿ’ ಎನ್ನುವುದು ಸಮಸ್ಯೆಯ ಬೇರಿಗೇ ಕೈ ಹಾಕುವ ಮಾತು. ಸಮಸ್ಯೆ ಇದ್ದದ್ದು ನೋಡದೇ ಇರುವುದರಲ್ಲಿ. ಟಾಟ್ರಾ ಬೆಟ್ಟಗಳು, ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಸ್ಪಿಶ್ ಕೋಟೆ, ಡಾನ್ಯೂಬ್ ದಡದ ರಾಜಧಾನಿ. ತೋರಿಸಲು ಬೇಕಾದಷ್ಟಿತ್ತು.

ಬೇರೆ ದೇಶಗಳ ಅನುಭವದ ಜೊತೆ ಹೋಲಿಸಬಹುದು. 1978ರ ‘ಮಿಡ್‌ನೈಟ್ ಎಕ್ಸ್‌ಪ್ರೆಸ್’ ಟರ್ಕಿಯ ಜೈಲಿನ ಕಥೆ. ಅದು ಬಂದಾಗಿನಿಂದ ಟರ್ಕಿ ದಶಕಗಳ ಕಾಲ ಅದರ ನೆರಳಿನಲ್ಲಿ ನರಳಿತು. ಚಿತ್ರಕಥೆ ಬರೆದ ಆಲಿವರ್ ಸ್ಟೋನ್ 2004ರಲ್ಲಿ ಟರ್ಕಿಗೆ ಹೋದಾಗ ಕ್ಷಮೆ ಕೇಳಿದರು. ಅಷ್ಟರಲ್ಲಿ 26 ವರ್ಷ ಕಳೆದಿತ್ತು. ಕಜಾಕಸ್ತಾನದ ಕಥೆ ಬೇರೆ. 2006ರಲ್ಲೇ ಬಂದ, ಆ ದೇಶವನ್ನು ಗೇಲಿ ಮಾಡಿದ ‘ಬೊರಾಟ್’ ಹಾಸ್ಯ ಸಿನಿಮಾಕ್ಕೆ ಅಲ್ಲಿನ ಸರಕಾರ ಮೊದಲು ಸಿಟ್ಟಾಯಿತು. ಆದರೆ 2012ರಲ್ಲಿ ಅಲ್ಲಿನ ವಿದೇಶಾಂಗ ಸಚಿವರೇ ಪ್ರವಾಸಿಗರ ವೀಸಾ ಹೆಚ್ಚಾದದ್ದಕ್ಕೆ ಆ ಸಿನಿಮಾಕ್ಕೆ ಧನ್ಯವಾದ ಹೇಳಿದರು. 2020ರಲ್ಲಿ ಅಲ್ಲಿನ ಪ್ರವಾಸೋದ್ಯಮ ಇಲಾಖೆ ‘ವೆರಿ ನೈಸ್’ ಎಂಬ ಬೊರಾಟ್‌ನ ಮಾತನ್ನೇ ತನ್ನ ಘೋಷಣೆ ಮಾಡಿಕೊಂಡಿತು.

ಸ್ಲೊವಾಕಿಯಾಕ್ಕೆ ಆ ದಾರಿ ಇರಲಿಲ್ಲ. ತಮಾಷೆಯನ್ನು ತಮಾಷೆಯಿಂದ ಗೆಲ್ಲಬಹುದು. ನಗು ಹತ್ತಿರಕ್ಕೆ ಕರೆಯುತ್ತದೆ, ಭಯ ದೂರ ತಳ್ಳುತ್ತದೆ. ಕತ್ತರಿಸಿದ ಹಿಮ್ಮಡಿಯಿಂದ ಯಾವ ದೇಶವೂ ಘೋಷವಾಕ್ಯ ಮಾಡಿಕೊಳ್ಳಲಾರದು. ಅದಕ್ಕೇ ಭಯದ ಸಿನಿಮಾ ಮಾಡುವವರ ಮೇಲೆ ಹೆಚ್ಚಿನ ಹೊಣೆ ಇದೆ ಎಂದು ನಾನು ವಾದಿಸುತ್ತೇನೆ. ಇಲ್ಲದ ದೇಶದ ಹೆಸರು ಕಟ್ಟಬಹುದಿತ್ತು. ಊರಿನ ಹೆಸರನ್ನೇ ಹೇಳದೆ ‘ಪೂರ್ವಕ್ಕೆ ಎರಡು ರೈಲು ಬದಲಿಸಿ’ ಎಂದು ಬಿಡಬಹುದಿತ್ತು. ಕಥೆಯ ಯಾವ ತಿರುವಿಗೂ ಇದರಿಂದ ಧಕ್ಕೆಯಾಗುತ್ತಿರಲಿಲ್ಲ. ನಿಜವಾದ ಹೆಸರೇ ಬೇಕೆಂದಿದ್ದರೆ ಆ ದೇಶಕ್ಕೆ ಒಂದು ನಿಜವಾದ ಮುಖವನ್ನೂ ಕೊಡಬೇಕಿತ್ತು.

ಪ್ರವಾಸೋದ್ಯಮಕ್ಕೆ ಹೊಡೆತ ಬಿತ್ತಾ? ಮೇಲ್ನೋಟಕ್ಕೆ ಇಲ್ಲ. 2006ರಲ್ಲೂ 2007ರಲ್ಲೂ ಸ್ಲೊವಾಕಿಯಾಕ್ಕೆ ಬಂದ ವಿದೇಶಿ ಪ್ರವಾಸಿಗರ ಸಂಖ್ಯೆ ಏರಿತು. ಯುರೋಪಿಯನ್ ಒಕ್ಕೂಟ ಸೇರಿದ್ದು, ಅಗ್ಗದ ವಿಮಾನಗಳು ಬಂದದ್ದು ಅದಕ್ಕೆ ಕಾರಣ. ಬ್ರಾಟಿಸ್ಲಾವಾದಿಂದಲೇ ಹಾರುತ್ತಿದ್ದ ಸ್ಕೈಯುರೋಪ್ ಎಂಬ ಕಂಪನಿ ಆಗ ಒಳ್ಳೆಯ ಓಟದಲ್ಲಿತ್ತು. ಪಕ್ಕದ ದೇಶಗಳಿಂದ ಬರುವವರು ಈ ಸಿನಿಮಾ ನೋಡಿ ನಿರ್ಧಾರ ಬದಲಿಸುವವರಲ್ಲ, ಅವರಿಗೆ ಆ ದೇಶ ಗೊತ್ತು. ಆದರೆ ಸಂಖ್ಯೆ ಇಳಿಯಲಿಲ್ಲ ಎಂದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ. ದೂರದವರ ತಲೆಯಲ್ಲಿ ಸ್ಲೊವಾಕಿಯಾ ಎಂದಾಗ ಏನು ಮೂಡುತ್ತದೆ ಎನ್ನುವುದು ಹೋಟೆಲ್ ಲೆಕ್ಕದಲ್ಲಿ ಸಿಗುವ ವಿಷಯವಲ್ಲ. ತನ್ನ ದೇಶದ ಹೆಸರು ಹೇಳಿದ ಕೂಡಲೇ ಎದುರಿನವನು ಆ ಸಿನಿಮಾ ನೆನಪಿಸಿಕೊಂಡು ನಕ್ಕರೆ, ಒಬ್ಬ ಸ್ಲೊವಾಕ್ ವಿದ್ಯಾರ್ಥಿಗೆ ಆಗುವ ನೋವನ್ನು ಅಳೆಯುವ ಪಟ್ಟಿ ಇಲ್ಲ.

ಮುಂದಿನ ಎರಡು ಭಾಗ

2007ರ ಜೂನ್‌ನಲ್ಲಿ ಎರಡನೇ ಭಾಗ ಬಂತು. ಈ ಸಲ ರೋಮ್‌ನಲ್ಲಿ ಓದುವ ಮೂವರು ಹುಡುಗಿಯರು. ಇಲ್ಲಿ ರಾಥ್ ಗಿರಾಕಿಗಳಿಗೆ ಜಾಸ್ತಿ ಹೊತ್ತು ಕೊಟ್ಟರು. ಜಗತ್ತಿನ ಬೇರೆ ಬೇರೆ ಊರುಗಳಿಂದ ಶ್ರೀಮಂತರು ಫೋನಿನಲ್ಲೇ ಹರಾಜು ಕೂಗುವ ದೃಶ್ಯವಿದೆ. ಗಾಲ್ಫ್ ಆಡುತ್ತಾ, ಮನೆಯವರ ಜೊತೆ ಕೂತಿರುತ್ತಾ ಕೂಗುತ್ತಾರೆ. ಗೆದ್ದವರು ಇಬ್ಬರು ಅಮೆರಿಕನ್ ಗಂಡಸರು. ಕೊನೆಗೆ ಬದುಕಿ ಹೊರಬರುವ ಹುಡುಗಿ ಬರುವುದು ತನ್ನ ಬಳಿ ಇರುವ ದುಡ್ಡಿನ ಬಲದಿಂದ. ಮೊದಲ ಭಾಗದಲ್ಲಿ ಒಂದು ಕಾರ್ಡಿನಲ್ಲಿ ಅಡಗಿದ್ದ ಮಾತು ಇಲ್ಲಿ ಎದುರಿಗೆ ಬಂತು. ಸಿನಿಮಾವಾಗಿ ಇದು ಹೆಚ್ಚು ಪ್ರಾಮಾಣಿಕ ಎಂದು ನನಗನ್ನಿಸುತ್ತದೆ. ಆದರೆ ಗಳಿಕೆ ಮೊದಲನೆಯದರ ಅರ್ಧಕ್ಕೂ ಮುಟ್ಟಲಿಲ್ಲ. ಕಥೆ ನಡೆಯುವ ಜಾಗವೂ ಬದಲಾಗಲಿಲ್ಲ, ಅದೇ ಸ್ಲೊವಾಕಿಯಾ.

ಮೂರನೇ ಭಾಗ 2011ರಲ್ಲಿ ಥಿಯೇಟರ್‌ಗೆ ಬರದೆ ನೇರವಾಗಿ ಡಿವಿಡಿಯಲ್ಲಿ ಬಂತು. ನಿರ್ದೇಶನ ರಾಥ್ ಅವರದಲ್ಲ. ಅದರಲ್ಲಿ ಕೊಲ್ಲುವವರ ಕೂಟ ಅಮೆರಿಕದ ಲಾಸ್ ವೇಗಸ್‌ಗೆ ಬಂದಿದೆ. ಮೊದಲ ಸಿನಿಮಾ ಬೆರಳು ತೋರಿಸಿದ್ದ ದೇಶಕ್ಕೆ ಕಥೆ ತಲುಪಲು ಆರು ವರ್ಷ ಹಿಡಿಯಿತು. ಆ ಹೊತ್ತಿಗೆ ನೋಡುವವರು ಕಮ್ಮಿಯಾಗಿದ್ದರು. ಲಾಸ್ ವೇಗಸ್‌ನ ಹೆಸರು ಕೆಟ್ಟಿತೆಂದು ಅಲ್ಲಿ ಯಾರೂ ದೂರಲಿಲ್ಲ, ದೂರುವ ಅಗತ್ಯವೂ ಬರಲಿಲ್ಲ.